ಒಂದು ವಿಳಾಸದ ಹಿಂದೆ ಬಿದ್ದು: ಪಿಟ್ಸ್‌ಬರ್ಗ್ ಲೈಬ್ರರಿಯ ಇತಿಹಾಸದ ತರಗತಿಗಳು

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನೆಲೆಸಿದ ಯಾರನ್ನೇ ಕೇಳಿ, ಊರಿನ ಬಗ್ಗೆ ಒಂದೇ ಕಥೆ ಹೇಳುತ್ತಾರೆ. ಹೊಗೆ ತುಂಬಿದ ಉಕ್ಕಿನ ಊರಾಗಿತ್ತಂತೆ. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವಂತೆ. ಆಮೇಲೆ ಆಸ್ಪತ್ರೆ, ಯೂನಿವರ್ಸಿಟಿ, ಸಾಫ್ಟ್‌ವೇರ್ ಬಂದು ಊರು ಮತ್ತೆ ಎದ್ದು ನಿಂತಿತಂತೆ. ನನ್ನ ಅನ್ನವೂ ಈ ಕಥೆಯ ಕೊನೆಯ ಭಾಗದಿಂದಲೇ ಬರುವುದು. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನನ್ನ ಕೆಲಸ. ಹಾಗಾಗಿ ಈ ಕಥೆಯನ್ನು ಕೆದಕಿ ನೋಡುವ ದರ್ದು ನನಗೆ ಬಂದಿರಲಿಲ್ಲ.

ದರ್ದು ಬಂದದ್ದು ಅಪ್ಪನಿಂದ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. 1923ರಲ್ಲಿ ಉತ್ಪಾದನೆ ಶುರುವಾದ, ವಿಶ್ವೇಶ್ವರಯ್ಯನವರು ನಿಂತು ದಡ ಹತ್ತಿಸಿದ ಕಾರ್ಖಾನೆ ಅದು. ಈಗ ಮುಚ್ಚುತ್ತದೋ ನಡೆಯುತ್ತದೋ ಅನ್ನುವುದು ಅಲ್ಲಿ ಪ್ರತಿ ಚುನಾವಣೆಯ ಮಾತು. ಇಲ್ಲಿಗೆ ಬಂದ ಮೇಲೆ ಅಪ್ಪನಿಗೆ ಎರಡೇ ಜಾಗ: ಮನೆ, ಶನಿವಾರ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ಉಳಿದ ದಿನ ಕಿಟಕಿ ಪಕ್ಕ ಕೂತು "ಇಲ್ಲಿ ಉಕ್ಕಿನ ಕಾರ್ಖಾನೆ ಎಲ್ಲಿತ್ತೇ?" ಅಂತ ಕೇಳುತ್ತಿದ್ದರು. ನನಗೆ ಗೊತ್ತಿದ್ದದ್ದು ಹೋಮ್‌ಸ್ಟೆಡ್ ಒಂದೇ. ಅಲ್ಲಿ ಈಗ ಶಾಪಿಂಗ್ ಮಾಲ್ ಇದೆ, ಸಾಲಾಗಿ ಇಟ್ಟಿಗೆಯ ಹಳೇ ಚಿಮಣಿಗಳನ್ನು ಹಾಗೇ ಬಿಟ್ಟಿದ್ದಾರೆ. ಅಪ್ಪ ಚಿಮಣಿ ನೋಡಿದರು, ಮಾಲ್ ನೋಡಿದರು, ಏನೂ ಹೇಳಲಿಲ್ಲ. ವಾಪಸ್ ಬರುವ ದಾರಿಯಲ್ಲಿ "ಇಲ್ಲಿ ದುಡೀತಿದ್ದ ಜನ ಎಲ್ಲಿಗೆ ಹೋದ್ರು?" ಅಂತ ಮಾತ್ರ ಕೇಳಿದರು.

ಅದೇ ವಾರ ಓಕ್ಲೆಂಡ್‌ನ ಕಾರ್ನೆಗಿ ಲೈಬ್ರರಿಯಲ್ಲಿ ಒಂದು ಚೀಟಿ ಕಣ್ಣಿಗೆ ಬಿತ್ತು. ಊರಿನ ಪುನರುಜ್ಜೀವನದ ಬಗ್ಗೆ ಸ್ಥಳೀಯ ಇತಿಹಾಸದ ಕಾರ್ಯಕ್ರಮಗಳು. ಮಾತು, ಫೋಟೋ, ನಕ್ಷೆ ಓದುವುದು, ಬೀದಿ ಸುತ್ತುವುದು, ನೆನಪು ದಾಖಲಿಸುವುದು. ದುಡ್ಡಿಲ್ಲ, ಹೆಸರು ಕೊಟ್ಟರೆ ಸಾಕು. ಇಬ್ಬರ ಹೆಸರೂ ಕೊಟ್ಟೆ.

ಲೈಬ್ರರಿ ಕಟ್ಟಡ 1895ರದ್ದು. ಬಾಗಿಲ ಮೇಲೆ ಕಲ್ಲಿನಲ್ಲಿ "ಜನರಿಗೆ ಉಚಿತ" ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಅಪ್ಪ ಅದನ್ನು ಓದಿ, "ಉಚಿತ ಸರಿ, ಯಾರ ದುಡ್ಡು?" ಅಂದರು. ಕಾರ್ಯಕ್ರಮ ನಡೆಸುವ ಲೈಬ್ರರಿಯನ್ ಮೊದಲ ದಿನ ಶುರು ಮಾಡಿದ್ದೂ ಅದೇ ಪ್ರಶ್ನೆಯಿಂದ! ಕಟ್ಟಡ ಆಂಡ್ರೂ ಕಾರ್ನೆಗಿಯದು. ಆದರೆ ಅವನ ಹಣ ಬಂದದ್ದು ಆ ಉಕ್ಕಿನ ಕಾರ್ಖಾನೆಗಳಿಂದ. 1892ರ ಜುಲೈನಲ್ಲಿ ಹೋಮ್‌ಸ್ಟೆಡ್‌ನಲ್ಲಿ ಕಾರ್ಮಿಕರಿಗೂ ಕಂಪನಿ ಕರೆಸಿದ ಪಿಂಕರ್ಟನ್ ಅನ್ನುವ ಖಾಸಗಿ ಕಾವಲು ಪಡೆಗೂ ಗುಂಡಿನ ಕಾಳಗವಾಯಿತು. ಎರಡೂ ಕಡೆ ಹೆಣ ಬಿದ್ದವು, ಯೂನಿಯನ್ ಮುರಿಯಿತು. ಅದಾಗಿ ಮೂರು ವರ್ಷಕ್ಕೆ ಈ ಲೈಬ್ರರಿ ಬಾಗಿಲು ತೆರೆಯಿತು. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನು ಪುಸ್ತಕ ಓದುವುದು ಯಾವಾಗ ಅಂತ ಆಗಲೇ ಜನ ಕೇಳಿದ್ದರಂತೆ. ಕಟ್ಟಿ ಕೊಡುವುದು ನನ್ನ ಕೆಲಸ, ನಡೆಸುವುದು ಊರಿನ ಕೆಲಸ ಅನ್ನುವುದು ಕಾರ್ನೆಗಿಯ ಕರಾರು. 2009ರಲ್ಲಿ ದುಡ್ಡು ಸಾಲದೆ ಕೆಲವು ಶಾಖೆ ಮುಚ್ಚುತ್ತೇವೆ ಅಂತ ಲೈಬ್ರರಿ ಹೇಳಿದಾಗ ಊರಲ್ಲಿ ಗಲಾಟೆಯಾಯಿತು. 2011ರಲ್ಲಿ ಜನರೇ ಮತ ಹಾಕಿ ತಮ್ಮ ಆಸ್ತಿ ತೆರಿಗೆಯ ಮೇಲೆ ಲೈಬ್ರರಿಗಾಗಿ ಇನ್ನಷ್ಟು ಕಂದಾಯ ಹಾಕಿಕೊಂಡರು. ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಳ್ಳುವ ಜನ! ಅಪ್ಪನಿಗೆ ಇದನ್ನು ಎರಡು ಸಲ ಬಿಡಿಸಿ ಹೇಳಬೇಕಾಯಿತು.

ಮೊದಲ ಮಾತು ಹೊಗೆಯದು. ಪರದೆಯ ಮೇಲೆ 1940ರ ಒಂದು ಬೆಳಗಿನ ಫೋಟೋ ಹಾಕಿದರು. ಲಿಬರ್ಟಿ ಅವೆನ್ಯೂ, ಜನ ಆಫೀಸಿಗೆ ಹೋಗುವ ಹೊತ್ತು, ಬೀದಿ ದೀಪ ಉರಿಯುತ್ತಿದೆ, ಕಾರುಗಳ ದೀಪವೂ ಉರಿಯುತ್ತಿದೆ. ರಾತ್ರಿ ಅಂತಲೇ ಅಂದುಕೊಳ್ಳಬೇಕು. ಆಫೀಸಿನವರು ಮಧ್ಯಾಹ್ನಕ್ಕೆ ಇನ್ನೊಂದು ಬಿಳಿ ಶರ್ಟು ಇಟ್ಟುಕೊಂಡು ಹೋಗುತ್ತಿದ್ದರಂತೆ. 1941ರಲ್ಲಿ ಹೊಗೆ ತಡೆಯುವ ಕಾಯ್ದೆ ಬಂತು, ಯುದ್ಧ ಅಂತ ಮುಂದೆ ಹೋಯಿತು. 1946ರಲ್ಲಿ ಕಾರ್ಖಾನೆಗಳಿಗೆ, 1947ರಲ್ಲಿ ಮನೆಗಳಿಗೂ ಜಾರಿಯಾಯಿತು. ಹೊಗೆ ಕಡಿಮೆಯಾದದ್ದು ಕಾಯ್ದೆಯೊಂದರಿಂದಲೇ ಅಲ್ಲ. ಮನೆಗಳಿಗೆ ನೈಸರ್ಗಿಕ ಅನಿಲ ಬಂತು, ರೈಲುಗಳು ಕಲ್ಲಿದ್ದಲು ಬಿಟ್ಟು ಡೀಸೆಲ್ಲಿಗೆ ಬಂದವು. ಮೇಯರ್ ಡೇವಿಡ್ ಲಾರೆನ್ಸ್ ಡೆಮಾಕ್ರಟ್, ಬ್ಯಾಂಕಿನ ಕುಳ ರಿಚರ್ಡ್ ಕಿಂಗ್ ಮೆಲನ್ ರಿಪಬ್ಲಿಕನ್. ಇಬ್ಬರೂ ಕೈ ಜೋಡಿಸಿ ಮೂರು ನದಿ ಸೇರುವ 'ಪಾಯಿಂಟ್'ನಲ್ಲಿದ್ದ ಗೋದಾಮು, ರೈಲ್ವೆ ಯಾರ್ಡುಗಳನ್ನು ತೆಗೆಸಿ 36 ಎಕರೆ ಪಾರ್ಕು, ಪಕ್ಕದಲ್ಲಿ ಗೇಟ್‌ವೇ ಸೆಂಟರ್ ಅನ್ನುವ ಆಫೀಸು ಕಟ್ಟಡಗಳನ್ನು ಮಾಡಿಸಿದರು. ಇಲ್ಲಿಯವರು ಈ ಕಾಲಕ್ಕೆ 'ರಿನೈಸನ್ಸ್', ಅಂದರೆ ಮರುಹುಟ್ಟು ಅಂತಲೇ ಹೆಸರಿಟ್ಟಿದ್ದಾರೆ.

ಇಲ್ಲಿಯವರೆಗೂ ನನಗೆ ಗೊತ್ತಿದ್ದ ಕಥೆಯೇ. ಮಾತಿನ ಕೊನೆಗೆ ಎರಡು ಅಂಕಿ ತೋರಿಸಿದರು. 1950ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 6,76,806. 2020ರಲ್ಲಿ 3,02,971. ಎದ್ದು ನಿಂತ ಊರಲ್ಲಿ ಅರ್ಧಕ್ಕಿಂತ ಕಡಿಮೆ ಜನ. ಅಪ್ಪ ನನ್ನ ಕಡೆ ತಿರುಗಿ, ನಾನು ಹೇಳಲಿಲ್ವಾ ಅನ್ನುವ ಹಾಗೆ ನೋಡಿದರು.

ಎರಡನೆಯದು ಫೋಟೋಗಳ ದಿನ. ನನಗೆ ತುಂಬ ಹಿಡಿಸಿದ್ದು ಇದು. 1950ರಲ್ಲಿ ರಾಯ್ ಸ್ಟ್ರೈಕರ್ ಅನ್ನುವವರನ್ನು ಪಿಟ್ಸ್‌ಬರ್ಗ್‌ಗೆ ಕರೆಸಿದ್ದರು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರಕ್ಕಾಗಿ ಹಳ್ಳಿಗಾಡಿನ ಬಡತನದ ಫೋಟೋ ತೆಗೆಸಿದ ತಂಡದ ಯಜಮಾನ ಅವರು. ಊರು ಹೇಗೆ ಬದಲಾಗುತ್ತಿದೆ ಅಂತ ಚಿತ್ರದಲ್ಲಿ ಹಿಡಿದಿಡಿ ಅನ್ನುವುದು ಇಲ್ಲಿಯವರ ಬೇಡಿಕೆ. ಒಂಥರಾ ಊರಿನ ಜಾಹೀರಾತೇ ಅನ್ನಿ. ಎಸ್ತರ್ ಬಬ್ಲಿ, ಕ್ಲೈಡ್ ಹೇರ್, ಎಲಿಯಟ್ ಅರ್ವಿಟ್ ಮುಂತಾದವರು ಬೀದಿ ಬೀದಿ ಅಲೆದು ಸಾವಿರಾರು ಫೋಟೋ ತೆಗೆದರು. ಆ ಸಂಗ್ರಹ 1960ರಲ್ಲಿ ಲೈಬ್ರರಿಗೆ ಬಂತು.

ಮೇಜಿನ ಮೇಲೆ ಫೋಟೋ ಪ್ರತಿಗಳನ್ನು ಹರಡಿ, ಒಬ್ಬೊಬ್ಬರೂ ಒಂದು ತೆಗೆದುಕೊಂಡು ಕಾಣುವುದನ್ನೆಲ್ಲ ಬರೆಯಿರಿ ಅಂದರು. ಅಭಿಪ್ರಾಯ ಬೇಡ, ಕಾಣುವುದು ಮಾತ್ರ. ಅಪ್ಪ ಆರಿಸಿಕೊಂಡದ್ದು ಕುಲುಮೆಯ ಮುಂದೆ ನಿಂತ ಕಾರ್ಮಿಕನ ಫೋಟೋ. ನನಗೆ ಕಂಡದ್ದು ಒಬ್ಬ ಮನುಷ್ಯ, ಕಿಡಿ, ಹೊಗೆ. ಅಪ್ಪನಿಗೆ ಕಂಡದ್ದೇ ಬೇರೆ. "ಇದು ಟ್ಯಾಪ್ ಮಾಡೋ ಹೊತ್ತು ಕಣೇ. ನೆಲದ ಮೇಲೆ ಮರಳಿನ ಕಾಲುವೆ ನೋಡು, ಕರಗಿದ ಕಬ್ಬಿಣ ಅದ್ರಲ್ಲೇ ಹರಿಯೋದು. ಇವನು ನಿಂತಿರೋ ರೀತಿ ನೋಡು, ಒಂದು ಭುಜ ಹಿಂದೆ. ಮುಖ ಸುಡ್ತಾ ಇದ್ರೆ ಹಂಗೇ ನಿಲ್ಲೋದು. ಶೂ ಮೇಲೆ ಏನೂ ಕಟ್ಟಿಲ್ಲ, ಕಿಡಿ ಒಳಗೆ ಹೋದ್ರೆ ಮುಗೀತು." ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಾ ಹೋದೆ, ಲೈಬ್ರರಿಯನ್ ಬರೆದುಕೊಳ್ಳುತ್ತಾ ಹೋದರು. ಫೋಟೋದ ಹಿಂದೆ ಇದ್ದದ್ದು "ಉಕ್ಕಿನ ಕಾರ್ಮಿಕ" ಅಂತ ಒಂದೇ ಸಾಲು.

ಇನ್ನೊಬ್ಬರ ಕೈಯಲ್ಲಿದ್ದದ್ದು ಲೋವರ್ ಹಿಲ್‌ನ ಒಂದು ಬೀದಿ. ಮರದ ಮೆಟ್ಟಿಲು, ಹಗ್ಗದ ಮೇಲೆ ಬಟ್ಟೆ, ಮೆಟ್ಟಿಲ ಮೇಲೆ ಮಕ್ಕಳು. ಅದನ್ನು ಹಿಡಿದಿದ್ದ ಹಿರಿಯ ಆಫ್ರಿಕನ್ ಅಮೆರಿಕನ್ ಮಹಿಳೆ ಕಾಣುವುದನ್ನು ಬರೆಯಲೇ ಇಲ್ಲ. "ಈ ಮೂಲೆ ನನಗೆ ಗೊತ್ತು" ಅಂದರು. ಅವರು ಹುಟ್ಟಿದ್ದು ಅದರ ಹಿಂದಿನ ಬೀದಿಯಲ್ಲಂತೆ. ಆ ಬೀದಿ ಈಗಿಲ್ಲ.

ಲೋವರ್ ಹಿಲ್ ಅಂದರೆ ಡೌನ್‌ಟೌನ್‌ಗೆ ಅಂಟಿಕೊಂಡ ಗುಡ್ಡದ ಕೆಳಭಾಗ. ಯಹೂದಿ, ಇಟಾಲಿಯನ್, ಸಿರಿಯನ್, ಆಮೇಲೆ ದಕ್ಷಿಣದಿಂದ ಬಂದ ಕಪ್ಪು ಜನ, ಎಲ್ಲರೂ ಮೊದಲು ಕಾಲಿಟ್ಟ ಜಾಗ. ವೈಲಿ ಅವೆನ್ಯೂನಲ್ಲಿ ಜಾಜ್ ಕ್ಲಬ್ಬುಗಳು. ಅಲ್ಲಿಯ ಬದುಕನ್ನು ಟೀನಿ ಹ್ಯಾರಿಸ್ ಅನ್ನುವ ಛಾಯಾಗ್ರಾಹಕ ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಗಾಗಿ ದಶಕಗಟ್ಟಲೆ ತೆಗೆದರು. ಅವರ ಸುಮಾರು 80,000 ನೆಗೆಟಿವ್‌ಗಳು ಲೈಬ್ರರಿಗೆ ಅಂಟಿಕೊಂಡೇ ಇರುವ ಮ್ಯೂಸಿಯಂನಲ್ಲಿವೆ. 1949ರ ವಸತಿ ಕಾಯ್ದೆ ಬಂದ ಮೇಲೆ ಕೊಳೆಗೇರಿ ತೆರವಿಗೆ ಕೇಂದ್ರ ಸರ್ಕಾರವೇ ಖರ್ಚಿನ ಮೂರನೇ ಎರಡು ಪಾಲು ಕೊಡುತ್ತಿತ್ತು. 1956ರ ಮೇ 31ರಂದು ಮೊದಲ ಮನೆ ಕೆಡವಿದರು. 95 ಎಕರೆ ಖಾಲಿಯಾಯಿತು. 8000ಕ್ಕೂ ಹೆಚ್ಚು ಜನ, 400ಕ್ಕೂ ಹೆಚ್ಚು ಅಂಗಡಿ ವ್ಯಾಪಾರ ಎದ್ದು ಹೋದವು. ಆ ಜಾಗದಲ್ಲಿ 1961ರಲ್ಲಿ ಸಿವಿಕ್ ಅರೀನಾ ಬಂತು. ತೆರೆದು ಮುಚ್ಚುವ ಸ್ಟೀಲಿನ ಗುಮ್ಮಟ, ಒಳಗೆ ಸಂಗೀತ ನಾಟಕ ಆಡಿಸಲೆಂದು ಕಟ್ಟಿದ್ದು. ಒಳಗೆ ಶಬ್ದ ಸರಿಯಾಗಿ ಕೇಳದೆ ನಾಟಕದವರು ಕೆಲವೇ ವರ್ಷಕ್ಕೆ ಎದ್ದು ಹೋದರು, ಐಸ್ ಹಾಕಿ ತಂಡ ಬಂತು. 2011–12ರಲ್ಲಿ ಅರೀನಾವನ್ನೂ ಕೆಡವಿದರು. ಸುತ್ತ ಇದ್ದದ್ದು ಬಹುಪಾಲು ಪಾರ್ಕಿಂಗ್ ಜಾಗ.

ನಕ್ಷೆ ಓದುವ ದಿನ ಅಪ್ಪನಿಗೆ ಶೀತ, ನಾನೊಬ್ಬಳೇ ಹೋದೆ. ಪೆನ್ಸಿಲ್ವೇನಿಯಾ ವಿಭಾಗದ ಉದ್ದ ಮೇಜು, ಸುತ್ತ ಕೂತವರಲ್ಲಿ ಹೆಚ್ಚಿನವರು ತಮ್ಮ ಮನೆಯ ಇತಿಹಾಸ ಹುಡುಕಲು ಬಂದವರು. ನನ್ನದು ಬಾಡಿಗೆ ಮನೆ. ಅದರ ಚರಿತ್ರೆ ತಿಳಿದು ನನಗೇನಾಗಬೇಕು? ಹಿಂದಿನ ದಿನ ಫೋಟೋ ಹಿಡಿದಿದ್ದ ಹಿರಿಯರ ಪಕ್ಕ ಕೂತು, ನಿಮ್ಮ ಮನೆಯನ್ನೇ ಹುಡುಕಲಾ ಅಂತ ಕೇಳಿದೆ. "ನಮ್ಮದೂ ಬಾಡಿಗೆ ಮನೆಯೇ. ಹುಡುಕು, ನೋಡೋಣ" ಅಂದರು. ಫುಲ್ಲರ್ಟನ್ ಸ್ಟ್ರೀಟಿನ ಒಂದು ನಂಬರ್ ಕೊಟ್ಟರು.

ಕೆಲಸದ ಕ್ರಮ ಹೀಗೆ. ಮೊದಲು ಹಾಪ್ಕಿನ್ಸ್ ನಕ್ಷೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಕೆಲವು ವರ್ಷಕ್ಕೊಮ್ಮೆ ಬಂದ ದೊಡ್ಡ ಪುಸ್ತಕಗಳು. ಪ್ರತಿ ಸೈಟು, ಅದರ ಅಳತೆ, ಎಷ್ಟೋ ಕಡೆ ಒಡೆಯರ ಹೆಸರು. ಗುಲಾಬಿ ಬಣ್ಣ ಅಂದರೆ ಇಟ್ಟಿಗೆ ಮನೆ, ಹಳದಿ ಅಂದರೆ ಮರದ ಮನೆ. ಬೆಂಕಿ ವಿಮೆಯವರಿಗಾಗಿ ಮಾಡಿದ ಸ್ಯಾನ್‌ಬಾರ್ನ್ ನಕ್ಷೆಗಳಲ್ಲೂ ಇದೇ ಬಣ್ಣ. ಲೋವರ್ ಹಿಲ್‌ನ ಹಾಳೆ ಬಿಡಿಸಿದರೆ ಗುಲಾಬಿ ಹಳದಿ ಚೂರುಗಳು ಒತ್ತೊತ್ತಾಗಿ, ನಡುವೆ ಕೈ ಅಗಲದ ಓಣಿಗಳು. ನಾವು ಹುಡುಕುತ್ತಿದ್ದ ಮನೆ ಗುಲಾಬಿ, ಹಿಂದೆ ಹಳದಿಯ ಪುಟ್ಟ ಚೌಕ. ಹಿತ್ತಲಲ್ಲೂ ಒಂದು ಮರದ ಮನೆ ಇತ್ತು ಅಂತ ಅದರ ಅರ್ಥ. ಹಿರಿಯರು ಬೆರಳಿಟ್ಟು, "ಹಿಂದೆ ಇದ್ದವರು ಕೋಳಿ ಸಾಕಿದ್ದರು" ಅಂದರು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವನ್ನು ಲೈಬ್ರರಿಯನ್ ಮೊದಲೇ ತೋರಿಸಿಕೊಟ್ಟರು. ನದಿಯಾಚೆಯ ಅಲೆಗೆನಿ ಅನ್ನುವ ಬೇರೆ ನಗರವನ್ನು 1907ರಲ್ಲಿ ಪಿಟ್ಸ್‌ಬರ್ಗ್ ಸೇರಿಸಿಕೊಂಡಿತು. ಎರಡೂ ಊರಲ್ಲಿ ಒಂದೇ ಹೆಸರಿನ ಬೀದಿಗಳಿದ್ದವು. ಅದಕ್ಕೇ ಆಮೇಲೆ ನೂರಾರು ಬೀದಿಗಳ ಹೆಸರು ಬದಲಾಯಿತು, ಮನೆ ನಂಬರುಗಳೂ ಅಲ್ಲಲ್ಲಿ ಬದಲಾದವು. ಹಾಗಾಗಿ ಅದಕ್ಕಿಂತ ಹಿಂದೆ ಹೋಗುವಾಗ ವಿಳಾಸ ನಂಬಬೇಡಿ, ಮೂಲೆಯಿಂದ ಎಷ್ಟನೇ ಸೈಟು ಅಂತ ಎಣಿಸಿ ಅಂದರು. ಬೆಂಗಳೂರಿನಲ್ಲಿ ಕ್ರಾಸು, ಮೇನು ಹುಡುಕಿ ಬೆಳೆದವರಿಗೆ ಇದು ಹೊಸದೇನಲ್ಲ ಬಿಡಿ.

ನಕ್ಷೆಯಾದ ಮೇಲೆ ಜನಗಣತಿ. ಅಮೆರಿಕದಲ್ಲಿ ಜನಗಣತಿಯ ಮನೆ ಮನೆ ಹಾಳೆಗಳನ್ನು 72 ವರ್ಷದ ನಂತರ ಎಲ್ಲರಿಗೂ ಬಿಡುತ್ತಾರೆ. 1950ರದ್ದು 2022ರ ಏಪ್ರಿಲ್‌ನಲ್ಲಿ ಬಂತು. 1890ರದ್ದು ಬೆಂಕಿಗೆ ಸಿಕ್ಕಿ ಬಹುಪಾಲು ಹಾಳಾಗಿದೆ. ಗಣತಿದಾರನ ಕೈಬರಹದಲ್ಲೇ ಹಾಳೆ ಓದಬೇಕು. ಕೆಲವರದು ಮುತ್ತಿನಂತೆ, ಕೆಲವರದು ದೇವರಿಗೇ ಪ್ರೀತಿ. ನಮ್ಮ ಮನೆಯಲ್ಲಿ 1910ರಲ್ಲಿ ಇದ್ದದ್ದು ರಷ್ಯಾದಲ್ಲಿ ಹುಟ್ಟಿದ ಒಬ್ಬ ದರ್ಜಿಯ ಸಂಸಾರ, ಮಾತೃಭಾಷೆ ಯಿಡ್ಡಿಷ್. 1930ರಲ್ಲಿ ಇಟಲಿಯಿಂದ ಬಂದ ಹಣ್ಣಿನ ವ್ಯಾಪಾರಿ. ಆ ವರ್ಷ "ಮನೆಯಲ್ಲಿ ರೇಡಿಯೋ ಇದೆಯೇ" ಅಂತಲೂ ಒಂದು ಕಾಲಂ ಇತ್ತು. ಅವರ ಮನೆಯಲ್ಲಿ ಇರಲಿಲ್ಲ. 1950ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಉಕ್ಕಿನ ಕಾರ್ಖಾನೆಯ ಕೂಲಿ, ಹೆಂಡತಿ, ಮಕ್ಕಳು, ಜೊತೆಗೆ ಒಳಬಾಡಿಗೆಗೆ ಇದ್ದ ಇಬ್ಬರು ಗಂಡಸರು. ಕಳೆದ ವಾರ ಎಷ್ಟು ಗಂಟೆ ಕೆಲಸ ಅನ್ನುವ ಕಾಲಮ್ಮಿನಲ್ಲಿ 48.

"ಅದು ನನ್ನ ತಂದೆ" ಅಂದರು ಹಿರಿಯರು. ಮಕ್ಕಳ ಸಾಲಿನಲ್ಲಿ ಕೊನೆಯ ಹೆಸರು ಅವರದು. ಒಳಬಾಡಿಗೆಯವರಲ್ಲಿ ಒಬ್ಬ ಮೌತ್ ಆರ್ಗನ್ ನುಡಿಸುತ್ತಿದ್ದನಂತೆ, ಇನ್ನೊಬ್ಬ ಸಾಲ ವಾಪಸ್ ಕೊಡದೆ ಹೋದನಂತೆ. ಅಷ್ಟು ವರ್ಷದ ಮೇಲೂ ಆ ಸಾಲದ ಸಿಟ್ಟು ಅವರಿಗೆ ಆರಿರಲಿಲ್ಲ.

ಆಮೇಲೆ ಕ್ರಯಪತ್ರ. ಊರಲ್ಲಿ ಸೈಟು ಕೊಳ್ಳುವಾಗ ಮೂಲಪತ್ರ ಹಿಡಿದು, ಇ.ಸಿ. ತೆಗೆಸಿ, ಯಾರಿಂದ ಯಾರಿಗೆ ಬಂತು ಅಂತ ನೋಡುತ್ತೇವಲ್ಲ, ಅದೇ ಕೆಲಸ. ಇದಕ್ಕೆ ಡೌನ್‌ಟೌನ್‌ನ ಕೌಂಟಿ ಕಚೇರಿಗೆ ಹೋಗಬೇಕು. ಲೈಬ್ರರಿಯವರು ಅರ್ಧ ದಿನ ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದರು. ಕೊಟ್ಟವರ ಹೆಸರಿನ ಸೂಚಿ ಬೇರೆ, ಕೊಂಡವರ ಹೆಸರಿನ ಸೂಚಿ ಬೇರೆ. ಹೆಸರು ಸಿಕ್ಕರೆ ವಾಲ್ಯೂಮ್, ಪುಟ ಸಿಗುತ್ತದೆ. ಆ ಪುಟದಲ್ಲಿ ಹಿಂದಿನ ಕ್ರಯದ ವಾಲ್ಯೂಮ್, ಪುಟ ಇರುತ್ತದೆ. ಹಾಗೆ ಒಂದನ್ನು ಹಿಡಿದು ಇನ್ನೊಂದಕ್ಕೆ.

ಬೆಲೆ ಮಾತ್ರ ಎಷ್ಟೋ ಪತ್ರಗಳಲ್ಲಿ ಇರುವುದಿಲ್ಲ. "ಒಂದು ಡಾಲರ್ ಮತ್ತು ಇತರ ಪ್ರತಿಫಲ" ಅಂತ ಬರೆದು ಕೈ ತೊಳೆದುಕೊಂಡಿರುತ್ತಾರೆ. ಇದಕ್ಕೂ ಒಂದು ಉಪಾಯ ಹೇಳಿಕೊಟ್ಟರು. 1940ರ ದಶಕದ ಪತ್ರಗಳಲ್ಲಿ ಕೇಂದ್ರ ಸರ್ಕಾರದ ರೆವಿನ್ಯೂ ಸ್ಟಾಂಪಿನ ಲೆಕ್ಕ ಇರುತ್ತದೆ. 500 ಡಾಲರಿಗೆ 55 ಸೆಂಟು ದರ. ನಮ್ಮ ಮನೆಯ ಒಂದು ಪತ್ರದಲ್ಲಿ 3 ಡಾಲರ್ 30 ಸೆಂಟಿನ ಸ್ಟಾಂಪು. ಅಂದರೆ ಸುಮಾರು 3000 ಡಾಲರಿಗೆ ಕೈ ಬದಲಾಗಿದೆ. ಇದನ್ನು ಲೆಕ್ಕ ಹಾಕಿ ಹೇಳಿದಾಗ ನನಗೆ ಸಣ್ಣ ಪತ್ತೇದಾರಿಯ ಖುಷಿ.

ಆ ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ದರ್ಜಿಯ ಹೆಸರು ಯಾವ ಪತ್ರದಲ್ಲೂ ಇಲ್ಲ. ಹಣ್ಣಿನ ವ್ಯಾಪಾರಿಯದೂ ಇಲ್ಲ, ಈ ಹಿರಿಯರ ತಂದೆಯದೂ ಇಲ್ಲ. ಅವರೆಲ್ಲ ಬಾಡಿಗೆಗೆ ಇದ್ದವರು. ಒಡೆಯರು ಬೇರೆ ಬಡಾವಣೆಗಳಲ್ಲಿ ಇದ್ದವರು. ಸರಪಣಿಯ ಕೊನೆಯಲ್ಲಿ ಕೊಂಡವರ ಹೆಸರು ಅರ್ಬನ್ ರೀಡೆವಲಪ್‌ಮೆಂಟ್ ಅಥಾರಿಟಿ. 1946ರಲ್ಲಿ ಹುಟ್ಟಿದ ನಗರದ ಪುನರಾಭಿವೃದ್ಧಿ ಪ್ರಾಧಿಕಾರ ಅದು. ಪಕ್ಕದ ಸೈಟು ನೋಡಿದೆ, ಅದೇ ಹೆಸರು. ಎದುರು ಸಾಲು ನೋಡಿದೆ, ಅದೇ ಹೆಸರು. ಪರಿಹಾರ ಅಂತ ಬಂದಾಗ ಜಾಗದ ಬೆಲೆ ಹೋದದ್ದು ಒಡೆಯರಿಗೆ. ಎರಡು ತಲೆಮಾರು ಅಲ್ಲೇ ಬದುಕಿದ ಬಾಡಿಗೆಯವರು ಕೊಂಡದ್ದೂ ಇಲ್ಲ, ಮಾರಿದ್ದೂ ಇಲ್ಲ. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದಲ್ಲಿ ಕಲಿತ ದೊಡ್ಡ ಸಂಗತಿ ಇದೇ. ಆಸ್ತಿಯ ದಾಖಲೆ ಹಿಡಿದು ಊರಿನ ಚರಿತ್ರೆ ಬರೆದರೆ ಊರಲ್ಲಿ ಇದ್ದವರೇ ಅದರಲ್ಲಿ ಇರುವುದಿಲ್ಲ. ಗಣತಿ ಹಾಳೆ, ಹಳೇ ಟೆಲಿಫೋನ್ ಪುಸ್ತಕ, ಇಂಥವುಗಳಲ್ಲಿ ಹುಡುಕಬೇಕು.

ಟೆಲಿಫೋನ್ ಪುಸ್ತಕದಲ್ಲಿ ಹಿರಿಯರ ಮನೆಯವರು ಸಿಕ್ಕರು. ಐವತ್ತರ ದಶಕದ ಕೊನೆಗೆ ಹೋಮ್‌ವುಡ್‌ನಲ್ಲಿ, ತಾಯಿಯ ಹೆಸರಿನಲ್ಲಿ. ಲೋವರ್ ಹಿಲ್ ಬಿಟ್ಟ ಕಪ್ಪು ಸಂಸಾರಗಳಲ್ಲಿ ತುಂಬ ಜನ ಹೋದದ್ದು ಹೋಮ್‌ವುಡ್‌ಗೆ, ಈಸ್ಟ್ ಲಿಬರ್ಟಿಗೆ, ಗುಡ್ಡದ ಮೇಲಿನ ಸರ್ಕಾರಿ ವಸತಿಗೆ. ಈಸ್ಟ್ ಲಿಬರ್ಟಿಯ ಕಥೆ ಇನ್ನೊಂದು ಪ್ರಹಸನ. ಚೆನ್ನಾಗಿ ನಡೆಯುತ್ತಿದ್ದ ಪೇಟೆಯ ಸುತ್ತ ಅರವತ್ತರ ದಶಕದಲ್ಲಿ ವರ್ತುಲ ರಸ್ತೆ ಹಾಕಿ, ನಡುವೆ ಕಾರು ಬಿಡದೆ, ಪೇಟೆಯನ್ನೇ ಒಣಗಿಸಿದರು. ಆಮೇಲೆ ಆ ರಸ್ತೆಯನ್ನು ಮತ್ತೆ ಮಾಮೂಲಿ ಬೀದಿ ಮಾಡಲು ದಶಕಗಳೇ ಹಿಡಿದವು. ಅದರ ಮೇಲೂ ಒಂದು ಮಾತು ಇತ್ತು, ನನಗೆ ಹೋಗಲಾಗಲಿಲ್ಲ.

ಬೀದಿ ಸುತ್ತುವ ದಿನ ಅಪ್ಪ ಸ್ವೆಟರ್ ಮೇಲೆ ಜಾಕೆಟ್, ಮಫ್ಲರ್, ಮಂಕಿ ಕ್ಯಾಪ್ ಎಲ್ಲ ಹಾಕಿಕೊಂಡು ತಯಾರಾದರು. ಸೆಂಟರ್ ಅವೆನ್ಯೂ, ಕ್ರಾಫರ್ಡ್ ಸ್ಟ್ರೀಟ್ ಸೇರುವ ಫ್ರೀಡಂ ಕಾರ್ನರ್‌ನಿಂದ ಶುರು. ಕೆಡವುವ ಕೆಲಸ ಇನ್ನೂ ಮೇಲಕ್ಕೆ ಬರುತ್ತದೆ ಅಂತ ಗೊತ್ತಾದಾಗ ಅರವತ್ತರ ದಶಕದಲ್ಲಿ ಜನ ಇಲ್ಲಿ ದೊಡ್ಡ ಬೋರ್ಡು ನಿಲ್ಲಿಸಿದ್ದರು, ಇಲ್ಲಿಂದ ಮುಂದಕ್ಕೆ ರೀಡೆವಲಪ್‌ಮೆಂಟ್ ಬೇಡ ಅಂತ. ನಿಂತಿತು ಕೂಡ. ಬೋರ್ಡು ಇದ್ದ ಮೂಲೆಯ ಒಂದು ಕಡೆ ಹಳೇ ಬಡಾವಣೆ, ಇನ್ನೊಂದು ಕಡೆ ಇಳಿಜಾರಿನಲ್ಲಿ ಡಾಂಬರು, ಅದರಾಚೆ ಡೌನ್‌ಟೌನ್‌ನ ಗೋಪುರಗಳು. 1957ರಲ್ಲಿ ಕೆಡವಿದ ಬೆತೆಲ್ ಚರ್ಚಿನ ಜಾಗ ತೋರಿಸಿದರು. ಆ ಚರ್ಚಿನವರು ಪಟ್ಟು ಬಿಡದೆ ಕೇಳಿ, 2023ರಲ್ಲಿ ಒಂದೂವರೆ ಎಕರೆ ವಾಪಸ್ ಪಡೆಯುವ ಒಪ್ಪಂದ ಮಾಡಿಕೊಂಡರು. ಗುಡ್ಡವನ್ನೂ ಡೌನ್‌ಟೌನನ್ನೂ ಸೀಳಿದ್ದ ಹೆದ್ದಾರಿಯ ಮೇಲೆ 2021ರಲ್ಲಿ ಮುಚ್ಚಳ ಹಾಕಿದ ಹಾಗೆ ಪಾರ್ಕು ಮಾಡಿದ್ದಾರೆ. ಹಿಲ್‌ನ ಹೋರಾಟಗಾರ್ತಿ ಫ್ರಾಂಕಿ ಪೇಸ್ ಹೆಸರು ಅದಕ್ಕೆ.

ಅಪ್ಪ ಅಲ್ಲಿ ನಿಂತು ಹಿರಿಯರನ್ನು ನನ್ನ ಮೂಲಕ ಕೇಳಿದರು: ಮನೆಗಳು ನಿಜವಾಗಲೂ ಅಷ್ಟು ಕೆಟ್ಟದಾಗಿದ್ದವಾ? ಕೇಳಬಾರದಿತ್ತೇನೋ ಅಂತ ನನಗೆ ಮುಜುಗರ. ಅವರು ಸಲೀಸಾಗಿ ಹೇಳಿದರು. "ಬಚ್ಚಲು ಸರಿ ಇರಲಿಲ್ಲ. ಇಲಿ ಇದ್ದವು. ಚಳಿಗಾಲದಲ್ಲಿ ಗೋಡೆಯ ಒಳಗೂ ಮಂಜು ಕಟ್ಟುತ್ತಿತ್ತು. ಒಡೆಯ ರಿಪೇರಿ ಮಾಡುತ್ತಿರಲಿಲ್ಲ. ನಮಗೆ ಬೇಕಿದ್ದದ್ದು ಬಚ್ಚಲು. ಅವರು ಬೀದಿಯನ್ನೇ ತೆಗೆದರು." ಅಪ್ಪ ತಲೆಯಾಡಿಸಿ, "ಕ್ವಾರ್ಟರ್ಸ್ ರಿಪೇರಿಗೆ ನಾವೂ ವರ್ಷಗಟ್ಟಲೆ ಅರ್ಜಿ ಕೊಟ್ಟವರೇ" ಅಂದರು. ಅದನ್ನು ನಾನು ಅನುವಾದ ಮಾಡಲಿಲ್ಲ. ಮಾಡಿದ್ದರೆ ಭದ್ರಾವತಿಯಿಂದ ಶುರು ಮಾಡಬೇಕಿತ್ತು.

ಹಿಲ್‌ನಲ್ಲೇ ಹುಟ್ಟಿದ ನಾಟಕಕಾರ ಆಗಸ್ಟ್ ವಿಲ್ಸನ್ ವಿಷಯವೂ ಆ ದಿನ ಬಂತು. ನೆಪೋಲಿಯನ್ ಬಗ್ಗೆ ಬರೆದ ಪ್ರಬಂಧ ನಿನ್ನದಲ್ಲ ಅಂತ ಮೇಷ್ಟ್ರು ಅಂದದ್ದಕ್ಕೆ ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟ ಹುಡುಗ, ದಿನವೂ ಇದೇ ಕಾರ್ನೆಗಿ ಲೈಬ್ರರಿಗೆ ಬಂದು ಓದಿದ. ದೊಡ್ಡ ಹೆಸರಾದ ಮೇಲೆ ಲೈಬ್ರರಿಯೇ ಅವನಿಗೆ ಹೈಸ್ಕೂಲ್ ಡಿಪ್ಲೊಮಾ ಕೊಟ್ಟು ಗೌರವಿಸಿತು. ಲೈಬ್ರರಿಯೊಂದು ಹೀಗೆ ಸರ್ಟಿಫಿಕೇಟ್ ಕೊಟ್ಟದ್ದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ.

ಕೊನೆಯದು ನೆನಪು ದಾಖಲಿಸುವ ಕಾರ್ಯಕ್ರಮ. ಒಂದು ಸಣ್ಣ ಕೋಣೆ, ಎರಡು ಮೈಕು, ಒಂದು ಸ್ಕ್ಯಾನರ್. ಕೇಳುವವರಿಗೆ ಒಂದೇ ನಿಯಮ: "ಹೌದು", "ಇಲ್ಲ" ಅಂತ ಉತ್ತರ ಬರುವ ಪ್ರಶ್ನೆ ಕೇಳಬೇಡಿ. ಮುಂಚೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ, ಯಾವ ಭಾಗ ಬೇಡ ಅಂದರೂ ತೆಗೆಯುತ್ತಾರೆ. ಹಿರಿಯರು ಬಿಸ್ಕತ್ ಡಬ್ಬಿಯಲ್ಲಿ ಫೋಟೋ ತಂದಿದ್ದರು. ಬಹುಪಾಲು ಮದುವೆ, ಈಸ್ಟರ್, ಹುಟ್ಟುಹಬ್ಬ. ಲೈಬ್ರರಿಯನ್ ಮುಖಗಳಿಗಿಂತ ಹಿನ್ನೆಲೆಯನ್ನೇ ಹೆಚ್ಚು ಹೊತ್ತು ನೋಡಿದರು. ಹಿಂದೆ ಅಂಗಡಿಯ ಬೋರ್ಡು, ಟ್ರಾಮಿನ ಕಂಬಿ, ಮನೆ ನಂಬರು. ಸ್ಕ್ಯಾನ್ ಮಾಡಿ ಡಬ್ಬಿಯನ್ನು ಅವರ ಕೈಗೇ ವಾಪಸ್ ಕೊಟ್ಟರು. ಕ್ಯಾಟಲಾಗಿನಲ್ಲಿ ಜಾಗ ತುಂಬುವಾಗ ಕಂಪ್ಯೂಟರು ಹಟ ಹಿಡಿಯಿತು. ಇವತ್ತಿನ ನಕ್ಷೆಯಲ್ಲಿ ಆ ವಿಳಾಸವೇ ಇಲ್ಲ. ಹಾಪ್ಕಿನ್ಸ್ ಹಾಳೆಯನ್ನು ಈಗಿನ ನಕ್ಷೆಯ ಮೇಲೆ ಕೂರಿಸಿ, ಅಕ್ಷಾಂಶ ರೇಖಾಂಶ ತೆಗೆದು ತುಂಬಿದರು. ಅಪ್ಪನ ಮಾತನ್ನೂ ರೆಕಾರ್ಡ್ ಮಾಡಿಕೊಂಡರು, ಕನ್ನಡದಲ್ಲೇ. ಕುಲುಮೆ ಟ್ಯಾಪ್ ಮಾಡುವುದು ಹೇಗೆ, ಪಾಳಿ ಬದಲಾಗುವಾಗ ಸೈರನ್ ಎಷ್ಟು ದೂರ ಕೇಳುತ್ತಿತ್ತು, ಇದೆಲ್ಲ. ಇಂಗ್ಲಿಷ್ ಸಾರಾಂಶ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು.

ಖಾಲಿ ಜಾಗದಲ್ಲಿ ಈಗ ಏಳುತ್ತಿರುವ ಕಟ್ಟಡಗಳ ಬಗ್ಗೆ ಮಾತು ಬಂದಾಗ ಮಾತ್ರ ಬಿಸಿ ಏರಿತು. ಹಿಲ್‌ನ ಜನರಿಗೆ ಇದರಲ್ಲಿ ಕೆಲಸ ಸಿಗುತ್ತದೆ ಅಂತ ಒಬ್ಬರು, ಬಾಡಿಗೆ ಏರಿ ಉಳಿದವರೂ ಹೋಗುತ್ತಾರೆ ಅಂತ ಇನ್ನೊಬ್ಬರು. ಲೈಬ್ರರಿಯನ್ ಯಾವ ಕಡೆಯೂ ವಾಲಲಿಲ್ಲ, ಎರಡೂ ಕಡೆಯವರಿಗೆ ಓದಲು ದಾಖಲೆಗಳ ಪಟ್ಟಿ ಕೊಟ್ಟರು. ಅದು ಜಾರಿಕೊಳ್ಳುವ ಮಾತು ಅಂತ ಕೆಲವರಿಗೆ ಸಿಟ್ಟು ಬಂತು. ನನಗೆ ಹಾಗನಿಸಲಿಲ್ಲ. ತೀರ್ಪು ಕೊಡುವವರು ಊರ ತುಂಬ ಇದ್ದಾರೆ, ವಾಲ್ಯೂಮ್ ಪುಟ ತೋರಿಸುವವರು ಕಡಿಮೆ.

ನಿಮ್ಮ ಊರಿನ ಲೈಬ್ರರಿಯಲ್ಲಿ ಇಂಥದ್ದು ಇದ್ದರೆ ಒಂದು ವಿಳಾಸ ಹಿಡಿದುಕೊಂಡು ಹೋಗಿ. ಸುಮ್ನೆ "ಊರಿನ ಇತಿಹಾಸ" ಅಂತ ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಪೆನ್ಸಿಲ್ ಒಯ್ಯಿರಿ, ಹಳೇ ಕಾಗದದ ಹತ್ತಿರ ಪೆನ್ನು ಬಿಡುವುದಿಲ್ಲ.

ಕಾರ್ಯಕ್ರಮ ಮುಗಿದ ಮೇಲೂ ನಮ್ಮ ಮೇಜಿನ ಕೆಲವರು ಫುಲ್ಲರ್ಟನ್ ಸ್ಟ್ರೀಟಿನ ಮನೆಗಳನ್ನು ಹಂಚಿಕೊಂಡಿದ್ದೇವೆ. ಬೀದಿಯ ಪ್ರತಿ ಮನೆಯಲ್ಲಿ 1950ರಲ್ಲಿ ಯಾರಿದ್ದರು, ಆಮೇಲೆ ಎಲ್ಲಿಗೆ ಹೋದರು ಅಂತ ಪಟ್ಟಿ ಮಾಡಿ ಲೈಬ್ರರಿಗೆ ಕೊಡುವುದು. ಅಪ್ಪ ಊರಿಗೆ ಹೋದರು. ಫೋನಿನಲ್ಲಿ ಎಲ್ಲಿಯವರೆಗೆ ಬಂತು ಅಂತ ಕೇಳುತ್ತಾರೆ. ಗಣತಿ ಹಾಳೆ ರಾತ್ರಿ ಮನೆಯಲ್ಲೇ ಓದಬಹುದು. ಕ್ರಯಪತ್ರದ ಕಚೇರಿ ತೆರೆಯುವುದು ವಾರದ ದಿನಗಳಲ್ಲಿ ಮಾತ್ರ, ಹಾಗಾಗಿ ಅದಕ್ಕೆ ರಜೆ ಹಾಕಬೇಕು. ಸಮಸಂಖ್ಯೆಯ ಮನೆಗಳನ್ನು ಹಿರಿಯರ ಮೊಮ್ಮಗ ತೆಗೆದುಕೊಂಡಿದ್ದಾನೆ, ಬೆಸಸಂಖ್ಯೆಯವು ನನ್ನ ಪಾಲಿಗೆ ಬಂದಿವೆ.